ಸೀರೆ ಗಾರ್ಡ್

ಮರುದಿನ ಮಗಳು ಮೊದಲ ಬಾರಿಗೆ ರೇಸ್ ಟ್ರ್ಯಾಕಿಗೆ ಇಳಿಯುವವಳಿದ್ದಳು. ಅವಳು ದಿನವೂ ಕೆಲಸಕ್ಕೆ ಓಡಿಸುತ್ತಿದ್ದ ಬೈಕನ್ನು ಅಪ್ಪ ತನ್ನ ಗ್ಯಾರೇಜಿನಲ್ಲೇ ಅದಕ್ಕೆ ಸಜ್ಜು ಮಾಡುತ್ತಿದ್ದ. ಕನ್ನಡಿ ಬಿಚ್ಚಿದ, ನಂಬರ್ ಪ್ಲೇಟ್ ಬಿಚ್ಚಿದ, ಬಿದ್ದರೆ ಗಾಜು ಚೆಲ್ಲದಿರಲೆಂದು ಹೆಡ್‌ಲೈಟಿಗೆ ಟೇಪ್ ಅಂಟಿಸಿದ. ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡನ್ನು ಮಾತ್ರ ಮುಟ್ಟಲಿಲ್ಲ.

"ಅದನ್ನೂ ತೆಗಿಯಪ್ಪಾ. ಬೈಕ್ ವಾಲಿಸಿದಾಗ ನೆಲಕ್ಕೆ ತಾಗತ್ತೆ."

"ಇರ್ಲಿ ಬಿಡು."

"ಇದಿದ್ರೆ ಒಳಗೇ ಬಿಡಲ್ಲ. ಅಲ್ಲಿ ಸೀರೆ ಉಟ್ಕೊಂಡು ಹಿಂದೆ ಯಾರು ಕೂರ್ತಾರೆ ಹೇಳು?"

ಅಪ್ಪ ಹೆಡ್‌ಲೈಟಿನ ಟೇಪನ್ನು ಇನ್ನೊಮ್ಮೆ ಒತ್ತಿದ. ಆ ಗ್ಯಾರೇಜಿನಿಂದ ಸೀರೆ ಗಾರ್ಡ್ ಇಲ್ಲದ ಬೈಕು ಹೊರಗೆ ಹೋದದ್ದೇ ಇಲ್ಲ. ಮದುವೆಯಾಗದ ಹುಡುಗರಿಗೂ ಬೈದು, ಬೈಕಿಗೆ ಅದನ್ನು ಹಾಕಿಯೇ ಕಳಿಸುತ್ತಿದ್ದ. ಮಗಳಿಗೆ ನಗು ಬಂತು. ಗೋಡೆಯ ಮೇಲೆ ಹಾರ ಹಾಕಿದ್ದ ಅಮ್ಮನ ಫೋಟೋದತ್ತ ತಿರುಗಿದಳು. ತಾನು ತೊಟ್ಟಿಲಲ್ಲಿದ್ದಾಗ ಅಮ್ಮ ಜ್ವರ ಬಂದು ತೀರಿಕೊಂಡಳೆಂದೇ ಅವಳು ಕೇಳಿ ಬೆಳೆದದ್ದು.

"ಅಪ್ಪಂಗೆ ನೀನಾದ್ರೂ ಹೇಳಮ್ಮಾ."

ಅಪ್ಪ ಸ್ಪ್ಯಾನರನ್ನು ಮಗಳ ಕೈಗಿಟ್ಟ.

"ನೀನೇ ಬಿಚ್ಚು. ನನ್ನ ಕೈಲಾಗಲ್ಲ."

"ಎರಡು ಬೋಲ್ಟು ಅಷ್ಟೇ ಅಲ್ವೇನಪ್ಪಾ?"

"ಹೊಸ ಬೈಕಿಗೆ ಇದು ಚಂದ ಕಾಣಲ್ಲ ಅಂತ ಒಂದ್ಸಲ ಬಿಚ್ಚಿದ್ದೆ." ಅಪ್ಪ ಫೋಟೋದ ಕಡೆ ನೋಡಲಿಲ್ಲ. "ನಿಮ್ಮಮ್ಮಂಗೆ ಜ್ವರ ಬಂದಿರ್ಲಿಲ್ಲ ಕಣಮ್ಮಾ. ಹೊಸ ಸೀರೆ ಉಟ್ಕೊಂಡು ನನ್ನ ಹಿಂದೆ ಕೂತಿದ್ಲು."