ಎದುರಾಳಿ ಕೈ ಕೊಟ್ಟದ್ದು

"ತಪ್ಪು ತಿಳ್ಕೋಬೇಡಿ ಮೇಡಂ. ಅವರು ನಿಮ್ಮ ತಂದೆಗೆ ಕೈ ಕೊಟ್ರು ಅಂತ ಹೇಳಿದ್ದು ಯಾರು?"

"ಅಪ್ಪನೇ," ಎಂದಳು ಮಗಳು. "ಆಸ್ಪತ್ರೆಯಲ್ಲಿ. 'ಅವನು ಕೈ ಕೊಟ್ಟ ಕಣಮ್ಮ' ಅಂದು ನಕ್ರು. ಅದೇ ಕೊನೇ ಮಾತು. ಆ ನಗು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ."

ಲೇಖಕ ಬರೆದುಕೊಂಡ. ಹೆಸರಾಂತ ಸಂಗೀತ ಸಂಯೋಜಕರ ಜಗಳಗಳಲ್ಲಿ ನಿಜವೆಷ್ಟು, ಗಾಳಿಸುದ್ದಿಯೆಷ್ಟು ಎಂದು ಸೋಸುವ ಪುಸ್ತಕ ಅವನದು. ವಿಷ ಹಾಕಿದ ಕಥೆಯಲ್ಲಿ ವಿಷವಿರಲಿಲ್ಲ, ಅಜೀರ್ಣವಿತ್ತು. ಸ್ವರಲಿಪಿಯ ಹಾಳೆ ಕದ್ದ ಕಥೆಯಲ್ಲಿ ಕಳ್ಳನಿರಲಿಲ್ಲ, ಇಲಿಯಿತ್ತು. ಉಳಿದದ್ದು ಈಕೆಯ ಅಪ್ಪನಿಗೂ ಅವರ ಎದುರಾಳಿ ಸಂಯೋಜಕರಿಗೂ ನಡುವಿನ ಇದೊಂದೇ ಜಗಳ. ಇದೂ ಕಟ್ಟುಕಥೆಯೆಂದು ಅಚ್ಚಾದರೆ ಮಗಳು ಇಷ್ಟು ವರ್ಷ ಊರ ತುಂಬ ಹೇಳಿಕೊಂಡು ಬಂದದ್ದೆಲ್ಲ ಬೊಗಳೆಯಾಗುತ್ತಿತ್ತು. ಅಪ್ಪನ ಸಂಕಟಕ್ಕೆ ಕವಡೆ ಕಿಮ್ಮತ್ತೂ ಇರುತ್ತಿರಲಿಲ್ಲ.

ಅವರು ಕುಳಿತಿದ್ದದ್ದು ಸಂಗೀತ ಶಾಲೆಯ ಮುಂಗೋಣೆಯಲ್ಲಿ. ಬಾಗಿಲ ಪಕ್ಕದಲ್ಲಿ ಅಪ್ಪನ ಎಡಗೈಯ ಕಂಚಿನ ಶಿಲ್ಪ. ಕೊನೆಯ ಪಿಯಾನೋ ರೆಕಾರ್ಡು ಹೊರಬಂದ ಮೇಲೆ, ಅದರ ಎಡಗೈ ನುಡಿತಕ್ಕೆ ಮರುಳಾಗಿ ಅಭಿಮಾನಿಗಳು ಮಾಡಿಸಿದ್ದು. ಪರೀಕ್ಷೆಯ ದಿನ ವಿದ್ಯಾರ್ಥಿಗಳು ಅದನ್ನು ಮುಟ್ಟಿ ಒಳಗೆ ಹೋಗುತ್ತಾರೆ. ಬೆರಳುಗಳು ಸವೆದು ಮಿರುಗುತ್ತಿದ್ದವು.

"ಬೇರೆ ಸಾಕ್ಷಿ?"

ಸಾಕ್ಷಿಗೇನು ಬರ? ಆ ಕೊನೆಯ ರೆಕಾರ್ಡಿಂಗ್‌ಗೆ ಯಾರೂ ಒಳಗೆ ಬರಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಆದರೂ ಎದುರಾಳಿ ಹಿಂಬಾಗಿಲಿನಿಂದ ಕಳ್ಳಹೆಜ್ಜೆಯಲ್ಲಿ ಹೊರಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ರಾಗ ಕದಿಯಲಲ್ಲದೆ ಇನ್ನೇಕೆ ಬಂದಾನು? ಆ ಚಿಂತೆಯಲ್ಲೇ ಅಪ್ಪ ಹಣ್ಣಾಗಿದ್ದರು. ಅಂಗಿಯ ಗುಂಡಿಯನ್ನೂ ಅಮ್ಮನೇ ಹಾಕಬೇಕಿತ್ತು.

ಲೇಖಕ ಪೆನ್ನು ಕೆಳಗಿಟ್ಟ. "ಅವರನ್ನೂ ಬರೋಕೆ ಹೇಳಿದ್ದೀನಿ. ಎದುರಿಗೇ ಕೇಳಿಬಿಡೋಣ."

ಎದುರಾಳಿ ಕೋಲೂರಿಕೊಂಡು ಬಂದರು. ಮಗಳು ಮುಖ ತಿರುಗಿಸಿದಳು.

"ಸರ್, ನೀವು ಇವರ ತಂದೆಗೆ ಕೈ ಕೊಟ್ರಂತೆ. ನಿಜವಾ, ಸುಳ್ಳಾ?"

ಮುದುಕರ ಹುಬ್ಬು ಮೇಲೇರಿತು. "ಯಾರು ಹೇಳಿದ್ದು?"

"ಅಪ್ಪನೇ ಹೇಳಿದ್ದು," ಎಂದಳು ಗೋಡೆಯ ಕಡೆಗೆ.

"ಹೇಳೇಬಿಟ್ನಾ? ಇಬ್ಬರೂ ಬಾಯಿ ಬಿಡಬಾರದು ಅಂತ ಮಾತಾಗಿತ್ತಲ್ಲ!" ಅವರು ನಿಧಾನವಾಗಿ ಕುಳಿತರು. "ಹೋಗ್ಲಿ ಬಿಡು. ಕೊಟ್ಟಿದ್ದು ನಿಜ."

"ಬರ್ಕೊಳ್ಳಿ!" ಮಗಳು ಎದ್ದೇ ನಿಂತಳು. ಅವಳಿಗೆ ಅಳು ಉಕ್ಕಿ ಬಂತು. ಅಪ್ಪ ಗೆದ್ದಿದ್ದರು. "ಒಂದಕ್ಷರ ಬಿಡಬೇಡಿ. ಊರೆಲ್ಲ ಉಗಿದಾಗ್ಲೂ ಬಾಯಿ ಬಿಡ್ಲಿಲ್ಲ ಈ ಮನುಷ್ಯ."

"ಬಿಟ್ಟಿದ್ರೆ ನಿಮ್ಮಪ್ಪನ ಮಾನ ಹೋಗ್ತಿತ್ತಮ್ಮ."

"ಅಪ್ಪನ ಮಾನದ ಚಿಂತೆ ನಿಮಗೆ ಬೇಡ!"

ಲೇಖಕ ಹೊಸ ಪುಟ ತಿರುಗಿಸಿದ. ಕೊನೆಗೂ ಒಂದು ನಿಜವಾದ ಜಗಳ ಸಿಕ್ಕ ಖುಷಿ ಅವನಿಗೆ. "ಅಚ್ಚಿಗೆ ಹೋಗೋ ಮಾತು ಸರ್, ವಿವರ ಬೇಕು. ಹೇಗೆ ಕೈ ಕೊಟ್ರಿ?"

"ಎಡಗೈ ಮಾತ್ರ," ಎಂದರು ಮುದುಕರು. "ಅವನ ಪಕ್ಕದಲ್ಲೇ ಕೂತು ನುಡಿಸಿದೆ. ಬಲಗೈ ಅವನದೇ."