ಕಪ್ಪು ಬಿಲ್ಲೆ

"ಆಹಾ! ಕೊನೆಗೂ ಮನಸ್ಸು ಕರಗ್ತಲ್ಲ ನಿಂಗೆ," ಎಂದ ಕ್ಲಿಫರ್ಡ್, ಮನೆಯಲ್ಲೇ ಮಾಡಲು ಒಲೆಯ ಮೇಲೆ ಕುದಿಯಲಿಟ್ಟಿದ್ದ ಕರಿಬಿಯರನ್ನು ಒಂದು ಚಮಚ ಊದಿ ಕುಡಿದು. "ಜ್ಯೇಷ್ಠಮಧು ಹಾಕಿದೀಯ."

ಅವನ ಹೆಂಡತಿ ಮೇವಿಸ್ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಹಾಕಿರಲಿಲ್ಲ. ರಕ್ತದೊತ್ತಡ ಏರಿ ಗಂಡ ಎರಡು ಸಲ ಕುಸಿದು ಬಿದ್ದ ಮೇಲೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಬಿಯರ್ ಬೇಕಾದರೆ ಒಂದು ಲೋಟ ಕುಡಿಯಲಿ, ಜ್ಯೇಷ್ಠಮಧು ತಿಂದರೆ ಮಾತ್ರ ಮೂರನೆಯ ಸಲ ಏಳುವುದಿಲ್ಲ. ಜ್ಯೇಷ್ಠಮಧುವಿನ ಮಿಠಾಯಿಗೇ ಹೆಸರಾದ ಇಂಗ್ಲೆಂಡಿನ ಪಾಂಟಿಫ್ರಾಕ್ಟ್ ಊರಿನವನಿಗೆ ಇದಕ್ಕಿಂತ ಕ್ರೂರ ಪಥ್ಯ ಇನ್ನೊಂದಿಲ್ಲ. ಪಾತ್ರೆ ಇಳಿಸಲು ಕಾಲು ಗಂಟೆ ಇರುವಾಗ ಜ್ಯೇಷ್ಠಮಧುವಿನ ನಾಲ್ಕು ಕಪ್ಪು ಮಿಠಾಯಿ ಬಿಲ್ಲೆ ಹಾಕದಿದ್ದರೆ ಈ ಊರಿನಲ್ಲಿ ಯಾರೂ ಕರಿಬಿಯರನ್ನು ಸ್ಟೌಟ್ ಎಂದು ಕರೆಯುವುದಿಲ್ಲ. ಆದರೂ ಮೇವಿಸ್ ಮನೆಯಲ್ಲಿದ್ದ ಬಿಲ್ಲೆಗಳನ್ನೆಲ್ಲ ಕಸಕ್ಕೆ ಸುರಿದಿದ್ದಳು.

"ನಾನು ಹಾಕಿಲ್ಲ ಮಾರಾಯ. ನೀನೇ ಕದ್ದು ಹಾಕಿರ್ಬೇಕು."

"ನಾನಾ? ಬೆಳಗ್ಗೆಯಿಂದ ಈ ಪಾತ್ರೆ ಹತ್ರ ಬಿಟ್ಟಿದೀಯಾ ನನ್ನ? ಪೊಲೀಸಿನವರ ಥರ ಕಾವಲು ಕೂತಿದೀಯ!"

ಅದೂ ನಿಜವೇ. ಮೇವಿಸ್ ಸೌಟನ್ನು ತಳದವರೆಗೂ ಇಳಿಸಿ ತಿರುವಿದಳು. ಏನೋ ತಗುಲಿತು. ಮೇಲೆತ್ತಿದರೆ ನಾಣ್ಯದಗಲದ ಕಪ್ಪು ಬಿಲ್ಲೆ. ಕುದಿವ ಬಿಯರಿನಲ್ಲಿದ್ದರೂ ಅಂಚು ಕೂಡ ಕರಗಿರಲಿಲ್ಲ. ಹೆದರುತ್ತಲೇ ಬೆರಳಿಟ್ಟು ನೋಡಿದಳು. ತಣ್ಣಗಿತ್ತು.

ಕ್ಲಿಫರ್ಡ್ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. ಬಿಲ್ಲೆಯ ಮೇಲಿನ ಕೋಟೆಯ ಮುದ್ರೆ ಎಡಕ್ಕೆ ವಾಲಿತ್ತು.

"ಅಮ್ಮ ಒತ್ತಿದ್ದು ಕಣೇ ಇದು. ಬಿಲ್ಲೆ ಕಾರ್ಖಾನೇಲಿ ದಿನಕ್ಕೆ ಸಾವಿರಗಟ್ಟಲೆ ಒತ್ತೋಳು, ಒಂದೂ ನೆಟ್ಟಗೆ ಬೀಳ್ತಿರ್ಲಿಲ್ಲ. ಮೇಸ್ತ್ರಿ ಹತ್ರ ಬೈಸ್ಕೊಳ್ಳೋದೇ ಆಯ್ತು!"

ಆ ಕೈ ಮಣ್ಣು ಸೇರಿ ನಲವತ್ತು ವರ್ಷವಾಗಿತ್ತು. ಬಿಲ್ಲೆಗೆ ಕೈಯಲ್ಲಿ ಮುದ್ರೆ ಒತ್ತುವ ಕೆಲಸ ನಿಂತೂ ಹೆಚ್ಚು ಕಡಿಮೆ ಅಷ್ಟೇ ಕಾಲ. ಮೇವಿಸ್ ಬಿಲ್ಲೆಯನ್ನು ಬೆಂಕಿಗೆ ಎಸೆದಳು. ಯಾರೂ ಇಲ್ಲದ ಮೂಲೆಯ ಕಡೆ ತಿರುಗಿ ಕೈ ಮುಗಿದಳು.

"ಅತ್ತೆ, ನಂಗೆ ಇವನೊಬ್ಬನೇ ಇರೋದು. ದಮ್ಮಯ್ಯ, ಇವನನ್ನ ಕರೀಬೇಡಿ."

"ಪಾಪ, ಅಮ್ಮನ ಮೇಲೆ ಯಾಕೆ ಗೂಬೆ ಕೂರಿಸ್ತೀಯ?" ಎಂದು ಕ್ಲಿಫರ್ಡ್ ನಕ್ಕ. "ನಂಗೆ ದಿನಾ ಒಂದೇ ಒಂದು ಕೊಡೋದು ಅವಳು."

ನಕ್ಕಾಗ ನಾಲಿಗೆ ಕಂಡಿತು. ಬುಡದವರೆಗೂ ಕಪ್ಪಾಗಿತ್ತು.