ಇಲಿಬಾಲ

“ಏನು ಕೊಟ್ರಿ ಅವಳಿಗೆ? ಸುಳ್ಳು ಹೇಳಬೇಡಿ ಅತ್ತೆ, ಇವತ್ತೊಂದಿನ ಬೇಡ.”

ಸೊಸೆ ಕಸದ ಬುಟ್ಟಿಯನ್ನು ಅಡುಗೆಮನೆಯ ನೆಲದ ಮೇಲೆ ಬೋರಲು ಹಾಕಿದ್ದಳು. ಕುಂಬಳಕಾಯಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಹಿಂಡಿ ಬಿಟ್ಟ ಕಡಲೆಬೀಜದ ಹಿಪ್ಪೆ. ಕೆಲಸದ ನಡುವೆ ಪ್ರೆಸ್ಸಿನಿಂದ ಆಸ್ಪತ್ರೆಗೆ, ಅಲ್ಲಿಂದ ಮನೆಗೆ ಓಡಿ ಬಂದಿದ್ದಳು. ಪ್ರೂಫ್ ತಿದ್ದುವ ಕೆಂಪು ಪೆನ್ಸಿಲ್ ಇನ್ನೂ ಮುಡಿಯಲ್ಲೇ ಸಿಕ್ಕಿಕೊಂಡಿತ್ತು. ಆರು ವರ್ಷದ ಮಗಳು, ಎಲ್ಲರ ಬಾಯಲ್ಲಿ ಗುಬ್ಬಿ, ಆಸ್ಪತ್ರೆಯಲ್ಲಿ ಅಪ್ಪನ ಬೆರಳು ಹಿಡಿದು ಉಸಿರಿಗಾಗಿ ಒದ್ದಾಡುತ್ತಿದ್ದಳು.

“ಹೋದ ವಾರ ನೀವೇ ಅಂದಿರಿ. ಒಂದು ಚಮಚ ತುಪ್ಪಕ್ಕೆ ಯಾರೂ ಸಾಯಲ್ಲ ಅಂತ.”

“ಅಂದೆ. ಬಾಯಿಚಪಲಕ್ಕೆ ಅಂದೆ.” ಅತ್ತೆ ಡಬ್ಬದಿಂದ ಅರ್ಧ ಖಾಲಿಯಾದ ಬಿಸ್ಕತ್ತಿನ ಪ್ಯಾಕೆಟ್ ತೆಗೆದು ಅವಳ ಮುಂದೆ ಎಸೆದರು. “ಕೊಟ್ಟಿದ್ದು ಇದನ್ನ. ತಂದಿದ್ದು ನೀನು, ಸರಿ ಗುರುತು ಹಾಕಿದ್ದು ನೀನು. ಬೇಕಾದ್ರೆ ನನ್ನ ಕೈ ಮೂಸಿ ನೋಡು, ಬೆಣ್ಣೆ ವಾಸನೆ ಬರುತ್ತಾ ಅಂತ.”

ಹಾಲಿನ ಒಂದು ಹನಿ ಸಾಕು, ಗುಬ್ಬಿಯ ಗಂಟಲು ಬಿಗಿಯುತ್ತಿತ್ತು. ಅದು ತಿಳಿದಂದಿನಿಂದ ಹಾಲು, ತುಪ್ಪ, ಬೆಣ್ಣೆ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಅವುಗಳ ಹಿಂದೆಯೇ ಮೊಟ್ಟೆ, ಮಾಂಸವೂ ಹೋದವು. ಕಡಲೆಬೀಜ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಹಾಲು. ಮಾಗಿದ ಬಾಳೆಹಣ್ಣು ಕಿವುಚಿ ಹಿಟ್ಟಿಗೆ ಕಲಸಿದರೆ ಮೊಟ್ಟೆಯ ನೆನಪೂ ಬಾರದ ಕೇಕು. ಅಡುಗೆ ಸುಲಭವಾಗಿತ್ತು. ಅಂಗಡಿಯ ಪ್ಯಾಕೆಟ್ಟುಗಳದ್ದೇ ಕಷ್ಟ.

ಅವನ್ನು ಅವಳು ಪ್ರೆಸ್ಸಿನ ಅಭ್ಯಾಸದಂತೆ ಕೊನೆಯ ಪದದಿಂದ ಮೊದಲಿಗೆ ಓದುತ್ತಿದ್ದಳು. ಸರಿಯಿದ್ದರೆ ಕೆಂಪು ಗುರುತು, ಗುಬ್ಬಿ ತಿನ್ನಬಹುದು. ಹಾಲಿನ ಸುಳಿವಿದ್ದರೆ ಆ ಪದದ ಮೇಲೊಂದು ಗೆರೆ, ಗೆರೆಯ ತುದಿಯಲ್ಲಿ ಎರಡು ಸುತ್ತಿನ ಬಾಲ. ಪ್ರೆಸ್ಸಿನಲ್ಲಿ ಬೇಡದ ಪದ ಹೊಡೆದುಹಾಕಲು ಬಳಸುವ ಗುರುತು ಅದು; ಬೇರೆಯವರೆಲ್ಲ ಒಂದೇ ಸುತ್ತು ಹಾಕುತ್ತಿದ್ದರು. ಅವಳ ಕೈ ಎರಡು ಸುತ್ತದೆ ನಿಲ್ಲುತ್ತಿರಲಿಲ್ಲ. ಗುಬ್ಬಿ ಆ ಗೆರೆಗೆ ಕಣ್ಣು, ಕಿವಿ ಬರೆದು ಇಲಿ ಮಾಡುತ್ತಿದ್ದಳು. ಕತ್ತರಿಸಿ ಅಂಟಿಸಿದ ಇಲಿಗಳು ಫ್ರಿಜ್ಜಿನ ಬಾಗಿಲ ತುಂಬ ಓಡಾಡುತ್ತಿದ್ದವು.

ಎಸೆದ ಪ್ಯಾಕೆಟ್ಟನ್ನು ಎತ್ತಿ ಮತ್ತೆ ಓದಿದಳು. ಉಪ್ಪು, ಸೋಡಾ, ಎಣ್ಣೆ, ಸಕ್ಕರೆ, ಗೋಧಿ ಹಿಟ್ಟು. ಹಾಲಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವವರು ಎದುರಿಗೇ ನಿಂತಿದ್ದರು. ಎರಡು ದಿನ ಅತ್ತೆ ಆಸ್ಪತ್ರೆಗೆ ಕಳಿಸಿದ ಬೇಳೆಗಂಜಿಯನ್ನು ಮುಚ್ಚಳವನ್ನೂ ತೆಗೆಯದೆ ವಾಪಸು ಕಳಿಸಿದಳು.

ಮೂರನೆಯ ದಿನ, ಆಸ್ಪತ್ರೆಯವರು ಪರೀಕ್ಷೆಗೆ ಕಳಿಸಿದ್ದ ಉಳಿದ ಬಿಸ್ಕತ್ತುಗಳ ವರದಿ ಬಂತು. ಬಿಸ್ಕತ್ತಿನಲ್ಲಿ ಹಾಲಿನ ಪುಡಿ ಇತ್ತು.

“ತಪ್ಪಾಯ್ತು ಅನ್ನೋಕೆ ನಾಲಿಗೆ ಸವೆದುಹೋಗುತ್ತಾ?” ಅತ್ತೆ ಕೇಳಿದರು.

“ಆಮೇಲೆ ಹೇಳ್ತೀನಿ. ಮೊದಲು ಇದನ್ನ ಮುಚ್ಚಿಟ್ಟವರು ಗುಬ್ಬಿಯ ಮಂಚದ ಮುಂದೆ ನಿಲ್ಲಬೇಕು. ಅವಳ ಮುಖ ನೋಡಿ ಹೇಳಬೇಕು, ನಾನೇ ಮಾಡಿದ್ದು ಅಂತ.”

“ನಿನ್ನ ಕೈಗೆ ಸಿಕ್ಕವರ ಪಾಡು ದೇವರಿಗೇ ಪ್ರೀತಿ.”

ಬಿಸ್ಕತ್ತು ಕಾರ್ಖಾನೆಗೆ ಹೊರಡುವ ಮುಂಚೆ ಆಸ್ಪತ್ರೆಗೆ ಹೋದಳು. ಗುಬ್ಬಿ ಮೂಗಿನ ಮೇಲಿನ ಮಾಸ್ಕ್ ಸರಿಸಿ, ಮೂರು ದಿನದಲ್ಲಿ ಮೊದಲ ಬಾರಿಗೆ ಮಾತಾಡಿದಳು.

“ನೀನು ಓದಿದ್ಯಲ್ಲಾ ಅಮ್ಮ?”

“ಓದಿದ್ದೆ ಕಂದ. ಅವರು ಬರೆದೇ ಇರಲಿಲ್ಲ.”

ಕಾರ್ಖಾನೆಯ ಗೇಟಿನಲ್ಲಿ ತಲೆಗೆ ಟೋಪಿ ಕೊಟ್ಟರು. ಮುಡಿಯ ಪೆನ್ಸಿಲ್ ಕಿತ್ತು ಮುಷ್ಟಿಯಲ್ಲಿ ಹಿಡಿದು ಒಳಗೆ ನುಗ್ಗಿದಳು. ಅಧಿಕಾರಿ ಕುರ್ಚಿ ತೋರಿಸಿದ. ಕೂರಲಿಲ್ಲ. ವರದಿಯನ್ನು ಮೇಜಿಗೆ ಅಪ್ಪಳಿಸಿದಳು.

“ಒಂದು ಸಾಲು. ಒಂದೇ ಒಂದು ಸಾಲು ಹಾಕೋಕೆ ನಿಮಗೇನು ರೋಗ ಬಡಿದಿತ್ತು?”

“ಕೂಗಬೇಡಿ ಮೇಡಂ. ಹಾಲಿನ ಪುಡಿ ಸೇರಿಸಿ ಎರಡು ತಿಂಗಳಾಯ್ತು. ಹಳೇ ಲೇಬಲ್ಲಿಗೆ ಹೊಸ ಸಾಲಿನ ಚೀಟಿ ಸಿಕ್ಕಿಸಿ, ಏಜೆಂಟ್ ಕೈಲಿ ಅಚ್ಚಿಗೆ ಕಳಿಸಿದ್ವಿ. ಅಲ್ಲಿ ಸಾಲು ಜೋಡಿಸಿದ್ರು ಕೂಡ. ಆಮೇಲೆ ಯಾರೋ ಹೊಡೆದು ಹಾಕಿದಾರೆ.”

“ಸುಮ್ಮನೆ ಹೊಡೆದು ಹಾಕ್ತಾರಾ?”

“ಚೀಟಿ ಎಲ್ಲೋ ಉದುರಿಹೋಗಿದೆ. ಹಳೇ ಲೇಬಲ್ ಪಕ್ಕಕ್ಕಿಟ್ಟು ತಾಳೆ ನೋಡಿದಾರೆ. ಅದರಲ್ಲಿಲ್ಲದ ಸಾಲು ಇದರಲ್ಲಿ ಹೆಚ್ಚಿಗೆ ಬಂದಿದೆ ಅಂತ ತೆಗೆದಿದಾರೆ.”

“ನೀವೇನು ಕಣ್ಣು ಮುಚ್ಚಿಕೊಂಡಿದ್ರಾ?”

“ನಾವು ಬಣ್ಣ ನೋಡಿ ಸಹಿ ಹಾಕ್ತೀವಿ. ಓದೋದು ಅವರ ಕೆಲಸ.”

“ಅದು ಯಾವ ಮಗುವಿನ ಬಾಯಿಗೆ ಹೋಗುತ್ತೋ ಅನ್ನೋ ಪರಿವೆ ಬೇಡ್ವಾ ಆ ಕೆಲಸದೋರಿಗೆ? ಸೇದಿಹೋಗಲಿ ಅವರ ಕೈ!”

“ಅವರಿಗೆ ಇದು ಬಿಸ್ಕತ್ತು ಅಂತಲೂ ಗೊತ್ತಿರಲ್ಲ. ಚಿತ್ರ ಇರಲ್ಲ, ಹೆಸರು ಇರಲ್ಲ. ಎರಡು ಬೆರಳಗಲದ ಕಾಗದ, ಬರೀ ಅಕ್ಷರ.”

“ನೆಪ ಬೇಡ. ಹೆಸರು ಹೇಳಿ. ಎಳೆದುಕೊಂಡು ಹೋಗ್ತೀನಿ ಮಗಳ ಹತ್ತಿರ.”

“ಹೆಸರು ನನಗೂ ಗೊತ್ತಿಲ್ಲ. ಕಾಗದ ಇದೆ, ನೋಡಿ.” ಅವನು ಕಡತದಿಂದ ಒಂದು ತುಣುಕನ್ನು ಎಳೆದು ಅವಳ ಕಡೆಗೆ ತಿರುಗಿಸಿಟ್ಟ.

‘ಹಾಲಿನ ಪುಡಿ’ ಎಂಬ ಸಾಲಿನ ಮೇಲೆ ಕೆಂಪು ಗೆರೆ, ಗೆರೆಯ ತುದಿಯಲ್ಲಿ ಎರಡು ಸುತ್ತಿನ ಬಾಲ. ಗುಬ್ಬಿ ಕಣ್ಣು, ಕಿವಿ ಬರೆಯುವುದಷ್ಟೇ ಬಾಕಿಯಿತ್ತು.